ಮಲೆನಾಡಿನಲ್ಲೊಂದು ಮನೆ: ಜಾಲಹಳ್ಳಿಯವರ ಆಶೆಯೂ ಸಕಲೇಶಪುರದ ಮಳೆಯೂ

ಬೆಂಗಳೂರಿನ ಜಾಲಹಳ್ಳಿಯು ಕಾರ್ಖಾನೆಗಳ ಆಶ್ರಯದಲ್ಲಿ ಬೆಳೆದ ಊರು. 1953ರಲ್ಲಿ ಎಚ್.ಎಂ.ಟಿ.ಯೂ 1954ರಲ್ಲಿ ಬಿ.ಇ.ಎಲ್. ಸಂಸ್ಥೆಯೂ ಸ್ಥಾಪಿತವಾದ ಮೇಲೆ, ನಾಡಿನ ನಾನಾ ಸೀಮೆಗಳಿಂದ ಉದ್ಯೋಗವನ್ನರಸಿ ಬಂದ ತರುಣರು ಇಲ್ಲಿಯ ಕ್ವಾರ್ಟರ್ಸುಗಳಲ್ಲಿ ಸಂಸಾರ ಹೂಡಿ, ಮಕ್ಕಳನ್ನು ಓದಿಸಿ, ಆಯುಷ್ಯದ ಶ್ರೇಷ್ಠಭಾಗವನ್ನು ಯಂತ್ರಗಳ ಸನ್ನಿಧಿಯಲ್ಲಿಯೇ ಸವೆಸಿ, ನಿವೃತ್ತಿಯ ದಿನ ಕ್ವಾರ್ಟರ್ಸಿನ ಬೀಗದ ಕೈಯನ್ನು ಹಿಂದಿರುಗಿಸುವಾಗ, ಸ್ವಂತ ಸೂರೆಂಬುದು ತಮಗೆ ಇನ್ನೂ ದುರ್ಲಭವೆಂಬ ಸತ್ಯಕ್ಕೆ ಮುಖಾಮುಖಿಯಾದುದುಂಟು. ಭವಿಷ್ಯನಿಧಿಯ ಹಣವೆಲ್ಲವನ್ನೂ ಸುರಿದರೂ ಜಾಲಹಳ್ಳಿ, ಯಶವಂತಪುರಗಳ ಆಸುಪಾಸಿನಲ್ಲಿ ಒಂದು ಸಾಧಾರಣ ನಿವೇಶನವೂ ಕೈಗೆಟುಕದ ಈ ಕಾಲದಲ್ಲಿ, ಅಂಥವರ ದೃಷ್ಟಿ ಘಟ್ಟದ ಕಡೆಗೆ ಹೊರಳುವುದು ಸಹಜವೇ ಆಗಿದೆ.

ಆ ದೃಷ್ಟಿ ಅನೇಕ ವೇಳೆ ನೆಲೆಸುವುದು ಸಕಲೇಶಪುರದ ಮೇಲೆ. ತುಮಕೂರು ರಸ್ತೆಯನ್ನು ಹಿಡಿದು ನೆಲಮಂಗಲ, ಕುಣಿಗಲ್, ಹಾಸನಗಳನ್ನು ದಾಟಿದರೆ ಸುಮಾರು 220 ಕಿಲೋಮೀಟರಿನ ಹಾದಿ. ಯಶವಂತಪುರದಿಂದ ಮಂಗಳೂರಿನ ಕಡೆಗೆ ಹೋಗುವ ರೈಲಿಗೂ ಅದೇ ಮಾರ್ಗ. ಹೇಮಾವತಿಯ ದಡ, ಕಾಫಿ ಏಲಕ್ಕಿಗಳ ತೋಟ, 1792ರಲ್ಲಿ ಟಿಪ್ಪು ಸುಲ್ತಾನನು ನಕ್ಷತ್ರಾಕಾರದಲ್ಲಿ ಕಟ್ಟಿಸಿದ ಮಂಜರಾಬಾದಿನ ಕೋಟೆ, ಬೇಸಗೆಯಲ್ಲಿಯೂ ತಂಪನ್ನು ಬಿಡದ ಗಾಳಿ, ಇವೆಲ್ಲವೂ ಮನಸ್ಸನ್ನು ಸೆಳೆಯತಕ್ಕವೇ. ಬೆಂಗಳೂರಿನಲ್ಲಿ ಬರಿಯ ನಿವೇಶನಕ್ಕೂ ಸಾಲದ ಹಣದಲ್ಲಿ ಅಲ್ಲಿ ಹಿತ್ತಿಲ ಸಹಿತವಾದ ಹಳೆಯ ಹೆಂಚಿನ ಮನೆಯೊಂದು ದೊರಕಬಹುದೆಂಬ ಆಶೆ ಆಧಾರವಿಲ್ಲದ್ದಲ್ಲ. ಆದರೆ ಮಲೆನಾಡಿನ ಮನೆಗೆ ಎರಡು ಬೆಲೆಗಳುಂಟು: ಕ್ರಯಪತ್ರದಲ್ಲಿ ಬರೆಯುವ ಬೆಲೆ ಒಂದು, ದಾಖಲೆಯೂ ಮಳೆಯೂ ಮುಂದೆ ವಸೂಲು ಮಾಡುವ ಬೆಲೆ ಇನ್ನೊಂದು.

ದಾಖಲೆಯ ಮಾತನ್ನು ಜಾಲಹಳ್ಳಿಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ದಶಕಗಳ ಕಾಲ ಎಚ್.ಎಂ.ಟಿ. ಸಂಸ್ಥೆಯ ಸ್ವಾಧೀನದಲ್ಲಿದ್ದ ಪೀಣ್ಯ ಜಾಲಹಳ್ಳಿಯ ವಿಶಾಲ ಭೂಮಿಯು ದಾಖಲೆಗಳಲ್ಲಿ ಇನ್ನೂ ಅರಣ್ಯವೇ ಆಗಿದೆಯೆಂದು ಅರಣ್ಯ ಇಲಾಖೆಯು 2024ರಲ್ಲಿ ಪಟ್ಟುಹಿಡಿದುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಸರ್ಕಾರದ ಸಂಸ್ಥೆಯ ಪಾಲಿಗೇ ಹೀಗಾದ ಮೇಲೆ, ಡೀಮ್ಡ್ ಅರಣ್ಯ, ಸೊಪ್ಪಿನಬೆಟ್ಟ, ಕಾನು, ಬಗರ್ ಹುಕುಂ ಎಂಬ ನಾನಾ ವರ್ಗಗಳ ಭೂಮಿ ಒಂದರೊಳಗೊಂದು ಹೆಣೆದುಕೊಂಡಿರುವ ಮಲೆನಾಡಿನಲ್ಲಿ, ಸಾಮಾನ್ಯ ಗೃಹಸ್ಥನು ಎಷ್ಟು ಎಚ್ಚರದಿಂದಿದ್ದರೂ ಅತಿಯಾಗದು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಪ್ರಕರಣಗಳು ರದ್ದಾದುದರಿಂದ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ಇದನ್ನೇ ಮುಂದೊಡ್ಡಿ, ಭೂಪರಿವರ್ತನೆಯಾಗದ ತೋಟವನ್ನು ಚೂರುಚೂರಾಗಿ ಸೀಳಿ ನಿವೇಶನವೆಂದು ಮಾರಲು ಬರುವ ದಲ್ಲಾಳಿಗಳ ಮಾತನ್ನು ನಂಬಲಾಗದು. ಕಾಯಿದೆ ಸಡಿಲವಾದದ್ದು ಕೊಳ್ಳುವ ಹಕ್ಕಿಗೆ ಸಂಬಂಧಿಸಿ, ಅಲ್ಲಿ ಮನೆ ಕಟ್ಟುವ ಹಕ್ಕಿಗೆ ಸಂಬಂಧಿಸಿ ಅಲ್ಲ. ಪುರಸಭೆಯ ಎಲ್ಲೆಯೊಳಗಾದರೆ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಮೂವತ್ತು ವರ್ಷಗಳ ಋಣಭಾರ ಪತ್ರ, ಮೂಲ ಹಕ್ಕುಪತ್ರ, ಇಷ್ಟನ್ನೂ ನೋಡದೆ ಮುಂಗಡ ಕೊಡಲಾಗದು. ಭೂಕಂದಾಯ ಕಾಯಿದೆಯ 94ಸಿ ಅಡಿಯಲ್ಲಿ ಸಕ್ರಮವಾದ ಮನೆಯಾಗಿದ್ದರೆ ಪರಭಾರೆಗೆ ನಿರ್ಬಂಧವುಂಟೇ ಎಂದು ಹಕ್ಕುಪತ್ರದ ಷರತ್ತುಗಳನ್ನು ಓದಿಸಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದ ಕ್ರಯ ನಿಲ್ಲದು. ಬಡವನಿಗೆ ದಕ್ಕಿದ ನೆಲವನ್ನು ಅವನಿಗೇ ಉಳಿಸುವ ಆ ಕಾಯಿದೆ ನ್ಯಾಯವಾದದ್ದು. ಅದನ್ನು ಬಳಸುದಾರಿಯಿಂದ ದಾಟುವ ಯತ್ನಕ್ಕೆ ಸಭ್ಯರಾದವರು ಕೈಹಾಕಬಾರದು.

ಇನ್ನು ಮಳೆ. ಬಯಲುಸೀಮೆಯಲ್ಲಿ ಬಾಳಿದವರಿಗೆ ಮಳೆಯೆಂದರೆ ಒಂದು ಸಂಜೆಯ ಸಂಭ್ರಮ. ಘಟ್ಟದಲ್ಲಿ ಅದು ಜೂನಿನಿಂದ ಸೆಪ್ಟೆಂಬರಿನವರೆಗೆ ಮನೆಯೊಳಗೇ ಬಂದು ಕುಳಿತ ಕುಟುಂಬಸ್ಥ. ಗೋಡೆ ಬೆವರುತ್ತದೆ, ಬಟ್ಟೆ ಒಣಗದು, ಪೆಟ್ಟಿಗೆಯೊಳಗಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ದಿನಗಟ್ಟಲೆ ಬಾರದಿರುವುದೂ ಉಂಟು. ಹಿಂದಿನವರು ಇದನ್ನೆಲ್ಲ ಬಲ್ಲವರಾಗಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಹೆಂಚುಗಳನ್ನು ಇಳಿಜಾರಾದ ಮಾಡಿಗೆ ಹೊದಿಸಿ, ಸೂರನ್ನು ಗೋಡೆಯಿಂದ ಬಹುದೂರ ಚಾಚಿ, ಮಳೆಗಾಲಕ್ಕೆ ಮುನ್ನ ಗೋಡೆಗೆ ಸೋಗೆಯ ತಟ್ಟಿ ಕಟ್ಟಿ, ಬಚ್ಚಲೊಲೆಯ ಹೊಗೆಯಿಂದ ಮರಮುಟ್ಟನ್ನು ಕಾಪಾಡಿಕೊಂಡು ಬಂದರು. ಅಂಥ ಮನೆಗೆ ಒಲೆಯ ಬೆಂಕಿಯೇ ಪ್ರಾಣ. ವರ್ಷವಿಡೀ ಬೀಗ ಹಾಕಿದರೆ ಗೆದ್ದಲು ಪಕಾಸು ರೀಪುಗಳನ್ನು ಒಳಗಿಂದೊಳಗೇ ತಿಂದುಹಾಕುತ್ತದೆ, ಮಂಗಗಳು ಸರಿಸಿದ ಒಂದು ಹೆಂಚಿನ ಸಂದಿಯಿಂದ ನೀರು ಇಳಿದು ಗೋಡೆಯನ್ನೇ ಕರಗಿಸುತ್ತದೆ. ಹಳೆಯ ಮನೆಯನ್ನು ನೋಡಹೋದವರು ಹೊಸ ಸುಣ್ಣದ ಬಿಳುಪಿಗೆ ಮರುಳಾಗದೆ, ಅಟ್ಟ ಹತ್ತಿ ತೊಲೆಗಳನ್ನು ತಟ್ಟಿ ನೋಡಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಮನೆಗಿಂತಲೂ ಮುಖ್ಯವಾದುದು ಅದು ನಿಂತ ನೆಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಾದುವು. 2024ರ ಜುಲೈಯಲ್ಲಿ ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವಣ ರೈಲುಮಾರ್ಗ ಮಣ್ಣು ಜರಿದು ನಿಂತಿತು, ಅದೇ ತಿಂಗಳ ಕೊನೆಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಘೋರವನ್ನು ದೇಶವೇ ನೋಡಿತು. ಜೆ.ಸಿ.ಬಿ.ಯಿಂದ ಗುಡ್ಡದ ಹೊಟ್ಟೆಯನ್ನು ಬಗೆದು ಸಮತಟ್ಟು ಮಾಡಿದ ನಿವೇಶನ ಎಷ್ಟು ಅಗ್ಗವಾದರೂ, ಅಲ್ಲಿಂದ ಕಾಣುವ ನೋಟ ಎಷ್ಟು ರಮಣೀಯವಾದರೂ, ಅದು ಬೇಡ. ಪೇಟೆಯೊಳಗೆ, ನಾಲ್ಕು ಮನೆಗಳ ನಡುವೆ, ಹಲವು ಮಳೆಗಾಲಗಳನ್ನು ಕಂಡು ನಿಂತಿರುವ ಮನೆಯೇ ಲೇಸು. ಅಲ್ಲಿ ಅಂಗಡಿ, ಬಸ್ಸು, ಕ್ರಾಫರ್ಡ್ ಆಸ್ಪತ್ರೆ ಸಮೀಪದಲ್ಲಿವೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಸುಮಾರು 40 ಕಿಲೋಮೀಟರು ದೂರದ ಹಾಸನಕ್ಕೆ ಹೋಗಬೇಕೆಂಬುದನ್ನು ವೃದ್ಧ ದಂಪತಿಗಳು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಊರಿನಿಂದ ದೂರ ಹೋದಷ್ಟೂ ಕಾಡಾನೆಗಳ ಭಯವೂ ನಿಜವಾದದ್ದೇ; ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟದ ಕೂಲಿಕಾರರು ಅದನ್ನು ಪ್ರಾಣದ ಬೆಲೆ ತೆತ್ತು ಬಲ್ಲರು.

ವಾರಾಂತ್ಯಕ್ಕೆ ಬಂದುಹೋಗಲು ಮನೆ ಕೊಂಡು, ಉಳಿದ ದಿನಗಳಲ್ಲಿ ಬೀಗ ಜಡಿಯುವವರಿಂದ ಸಣ್ಣ ಊರಿಗೆ ಉಪಕಾರವಿಲ್ಲ. ಬೆಲೆಯೇರಿ, ಅಲ್ಲಿಯೇ ಹುಟ್ಟಿದ ಶಾಲಾಮಾಸ್ತರನಿಗೋ ಅಂಗಡಿಯವನಿಗೋ ತನ್ನ ಊರಿನಲ್ಲೇ ಮನೆ ಎಟುಕದಂತಾಗುವುದು ದೊಡ್ಡ ಅನ್ಯಾಯ. ಅಲ್ಲಿ ನಿಜವಾಗಿ ಬಾಳಬೇಕೆನ್ನುವವರು ಧೈರ್ಯವಾಗಿ ಹೋಗಲಿ. ಅವರಲ್ಲಿ ನನ್ನ ವಿನಂತಿ ಇಷ್ಟೇ: ಮುಂಗಡ ಕೊಡುವ ಮುನ್ನ ಅದೇ ಬೀದಿಯಲ್ಲಿ ಬಾಡಿಗೆ ಮನೆಯೊಂದನ್ನು ಹಿಡಿದು ಜೂನಿನಿಂದ ಸೆಪ್ಟೆಂಬರಿನವರೆಗೆ ವಾಸಮಾಡಿರಿ, ನೆರೆಯವರನ್ನು ಕೇಳಿರಿ, ತಾಲ್ಲೂಕು ಕಚೇರಿಗೆ ನೀವೇ ಹೋಗಿ ಕಾಗದಗಳನ್ನು ನೋಡಿರಿ, ಆಮೇಲೂ ಆ ಊರು ನಿಮಗೆ ಬೇಕೆನಿಸಿದರೆ ಕೊಳ್ಳಿರಿ.