ಅಮೃತಾಪುರದ ಗೋಡೆಯ ಮೇಲೊಂದು ಲೆಕ್ಕ

ತರೀಕೆರೆಯ ಸೀಮೆಗೆ ಹೋದವರು ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ನೋಡದೆ ಹಿಂದಿರುಗುವುದು ವಿರಳ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಕ್ರಿ. ಶ. ೧೧೯೬ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಗುಡಿಯಿದು. ಕವಿ ಜನ್ನನು ರಚಿಸಿದ ಶಾಸನವೂ ಇಲ್ಲಿ ಉಂಟು. ತೆರೆದ ಮಂಟಪದ ಹೊರಗೋಡೆಯ ಮೇಲೆ ೧೪೦ ಕಿರುಫಲಕಗಳು ಸಾಲುಗಟ್ಟಿ ನಿಂತು ರಾಮಾಯಣ, ಭಾಗವತ, ಮಹಾಭಾರತಗಳ ಕಥೆಯನ್ನು ಹೇಳುತ್ತವೆ. ರಸಿಕನ ಕಣ್ಣಿಗೆ ಅದು ಕಾವ್ಯ. ಗಣಿತದ ಉಪಾಧ್ಯಾಯರ ಕಣ್ಣಿಗೆ ಅಲ್ಲಿಯೇ ಒಂದು ಸೊಗಸಾದ ಲೆಕ್ಕವೂ ಅಡಗಿದೆ.

ಫಲಕಗಳು ಒಟ್ಟು ೧೪೦. ಅವುಗಳಲ್ಲಿ ಸರಿಯಾಗಿ ಅರ್ಧದಷ್ಟು ರಾಮಾಯಣಕ್ಕೆ ಸೇರಿದವು. ಉಳಿದವುಗಳಲ್ಲಿ ಮಹಾಭಾರತದ ಫಲಕಗಳು ಕೃಷ್ಣಚರಿತೆಯ ಫಲಕಗಳಿಗಿಂತ ೨೦ ಹೆಚ್ಚು. ಹಾಗಾದರೆ ಕೃಷ್ಣಚರಿತೆಯವು ಎಷ್ಟು?

ಅರಿಯದುದಕ್ಕೆ ಒಂದು ಹೆಸರು

ತಿಳಿಯದುದನ್ನು ಕಂಡು ಅಳುಕದೆ, ಅದಕ್ಕೊಂದು ಹೆಸರಿಟ್ಟು, ತಿಳಿದುದರಂತೆಯೇ ಅದರೊಡನೆ ವ್ಯವಹರಿಸುವುದು ಬೀಜಗಣಿತದ ಮೊದಲ ಧೈರ್ಯ. ೧೧೧೪ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ಇಂಥ ಅವ್ಯಕ್ತ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದರು. ಎಷ್ಟೋ ಅಷ್ಟು ಎಂದು ಅದರ ಅರ್ಥ. ಅವ್ಯಕ್ತಗಳು ಹೆಚ್ಚಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿಟ್ಟರು. ಕನ್ನಡಕ್ಕೂ ಈ ಪರಂಪರೆ ಹೊಸದಲ್ಲ. ೯ನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದನು, ೧೨ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು.

ಕೃಷ್ಣಚರಿತೆಯ ಫಲಕಗಳು ‘ಯ’ ಎಂದಿಟ್ಟುಕೊಳ್ಳೋಣ. ಮಹಾಭಾರತದವು ಯ + ೨೦. ಎರಡೂ ಕೂಡಿ ೭೦. ಆದುದರಿಂದ,

೨ಯ + ೨೦ = ೭೦

ಇದು ಸಮೀಕರಣ. ಅಡಕೆ ತೂಗುವ ತಕ್ಕಡಿಯನ್ನು ನೆನೆಯಿರಿ. ಮುಳ್ಳು ನೆಟ್ಟಗೆ ನಿಂತಿರುವಾಗ ಒಂದು ತಟ್ಟೆಯಿಂದ ೨೦ ತೆಗೆದರೆ ಇನ್ನೊಂದರಿಂದಲೂ ೨೦ ತೆಗೆಯಬೇಕು. ಆಗ ೨ಯ = ೫೦. ಎರಡು ತಟ್ಟೆಗಳಲ್ಲಿಯೂ ಅರ್ಧವನ್ನು ಉಳಿಸಿದರೆ ಯ = ೨೫. ಕೃಷ್ಣಚರಿತೆ ೨೫, ಮಹಾಭಾರತ ೪೫, ರಾಮಾಯಣ ೭೦, ಕೂಡಿದರೆ ೧೪೦. ಅನುಮಾನವಿದ್ದವರು ಗೋಡೆಯ ಬಳಿ ನಿಂತು ಎಣಿಸಿಕೊಳ್ಳಬಹುದು.

ಮಂತ್ರವೋ, ಮರ್ಮವೋ?

ಆದರೆ ಎಷ್ಟೋ ತರಗತಿಗಳಲ್ಲಿ ಮಕ್ಕಳ ಬಾಯಲ್ಲಿ ತಕ್ಕಡಿಯಿಲ್ಲ, ಮಂತ್ರವಿದೆ: “ಈಚೆಯದು ಆಚೆ ಹೋದರೆ ಚಿಹ್ನೆ ಬದಲು.” ಏಕೆ ಬದಲು ಎಂದರೆ ಮೌನ. ಸಂಖ್ಯೆ ಎಲ್ಲಿಗೂ ಹಾರಿಹೋಗುವುದಿಲ್ಲ; ಎರಡು ಕಡೆಗಳಿಂದಲೂ ಸಮನಾಗಿ ಕಳೆದುದರ ಫಲವಷ್ಟೇ ಅದು. ಈ ಮರ್ಮವನ್ನು ಅರಿಯದೆ ಮಂತ್ರವನ್ನು ಮಾತ್ರ ಕಲಿತವನು ಅಸಮತೆಯ ಲೆಕ್ಕ ಎದುರಾದಾಗ ಎಡವುತ್ತಾನೆ.

ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳಿಗೆ ಅಮೃತಾಪುರದಲ್ಲಿ ೧೦೦ ನಿಮಿಷ ಬಿಡುವು ಎನ್ನೋಣ. ದೇವರ ದರ್ಶನಕ್ಕೆ ೩೦ ನಿಮಿಷವಾದರೂ ಉಳಿಯಬೇಕು. ಒಂದೊಂದು ಫಲಕಕ್ಕೆ ೨ ನಿಮಿಷ. ಎಷ್ಟು ಫಲಕಗಳನ್ನು ನೋಡಬಹುದು?

೧೦೦ − ೨ಯ ≥ ೩೦

ಎರಡು ಕಡೆಗಳಿಂದಲೂ ೧೦೦ ಕಳೆದರೆ −೨ಯ ≥ −೭೦. ಇನ್ನು −೨ರಿಂದ ಭಾಗಿಸಬೇಕು. ಮಂತ್ರ ಬಲ್ಲ ಹುಡುಗ ‘ಯ ≥ ೩೫’ ಎಂದು ಬರೆದುಬಿಡುತ್ತಾನೆ. ಹಾಗಾದರೆ ೪೦ ಫಲಕಗಳನ್ನೂ ನೋಡಬಹುದಲ್ಲವೆ? ಇಟ್ಟು ನೋಡಿದರೆ ಉಳಿಯುವುದು ೨೦ ನಿಮಿಷ, ದರ್ಶನಕ್ಕೆ ಸಾಲದು.

ತಪ್ಪೆಲ್ಲಿ? ಕ್ರಿ. ಶ. ೬೨೮ರಷ್ಟು ಹಿಂದೆಯೇ ಬ್ರಹ್ಮಗುಪ್ತನು ಧನ, ಋಣಗಳೆಂದು ಸಂಖ್ಯೆಗಳನ್ನು ವಿಂಗಡಿಸಿದ್ದನು. ಐದು ರೂಪಾಯಿ ಉಳ್ಳವನು ಮೂರು ರೂಪಾಯಿ ಉಳ್ಳವನಿಗಿಂತ ಸಿರಿವಂತ. ಆದರೆ ಐದು ರೂಪಾಯಿ ಸಾಲವಿದ್ದವನು ಮೂರು ರೂಪಾಯಿ ಸಾಲವಿದ್ದವನಿಗಿಂತ ಬಡವ. ಧನವು ಋಣವಾದೊಡನೆ ಹೆಚ್ಚು ಕಡಮೆಗಳು ತಿರುಗುಮುರುಗಾಗುತ್ತವೆ. ಆದುದರಿಂದಲೇ ಋಣಸಂಖ್ಯೆಯಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ ಅಸಮತೆಯ ಚಿಹ್ನೆಯೂ ತಿರುಗಬೇಕು: ಯ ≤ ೩೫.

ಇದರಲ್ಲಿ ಇನ್ನೂ ಸಂದೇಹವಿದ್ದರೆ ಬೇರೆ ದಾರಿ ಹಿಡಿಯಬಹುದು. ಮೊದಲ ಸಾಲಿಗೆ ಎರಡು ಕಡೆಗಳಲ್ಲಿಯೂ ೨ಯ ಕೂಡಿಸಿದರೆ ೧೦೦ ≥ ೩೦ + ೨ಯ. ೩೦ನ್ನು ಕಳೆದರೆ ೭೦ ≥ ೨ಯ. ಅರ್ಧಿಸಿದರೆ ೩೫ ≥ ಯ. ಚಿಹ್ನೆಯನ್ನು ಎಲ್ಲಿಯೂ ತಿರುಗಿಸದೆ ಅದೇ ಉತ್ತರ ಬಂದಿತು. ಮಕ್ಕಳು ರಾಮಾಯಣದ ಅರ್ಧವನ್ನು ನೋಡಿ ಬರಬಹುದು. ಅದಕ್ಕಿಂತ ಕಡಮೆ ನೋಡಿದರೂ ದೋಷವಿಲ್ಲ. ಸಮೀಕರಣವು ಒಂದು ಉತ್ತರವನ್ನು ಕೊಟ್ಟಿತು. ಅಸಮತೆಯು ಒಂದು ಎಲ್ಲೆಯನ್ನು ಕೊಟ್ಟಿತು. ಸಂಬಳದೊಳಗೆ ಸಂಸಾರ ತೂಗಿಸುವ ಗೃಹಿಣಿ ದಿನವೂ ಬಿಡಿಸುವುದು ಈ ಎರಡನೆಯ ಬಗೆಯ ಲೆಕ್ಕವನ್ನೇ.

ಬಂದ ಉತ್ತರವನ್ನು ಪ್ರಶ್ನೆಯಲ್ಲಿಯೇ ಮರಳಿ ಇಟ್ಟು ಪರೀಕ್ಷಿಸುವ ಅಭ್ಯಾಸವೊಂದನ್ನು ಮಗು ಕಲಿತರೆ ಸಾಕು. ಸರಿಯೋ ತಪ್ಪೋ ಎಂದು ತಿಳಿಯಲು ಅದು ಪುಸ್ತಕದ ಕೊನೆಯ ಪುಟವನ್ನಾಗಲಿ, ಉಪಾಧ್ಯಾಯರ ಮುಖವನ್ನಾಗಲಿ ನೋಡಬೇಕಾಗಿಲ್ಲ. ಬೀಜಗಣಿತದ ಭಯವು ಹೋಗುವುದು ಆ ಸ್ವಾತಂತ್ರ್ಯ ದೊರೆತಾಗಲೇ.