ಎ.ಸಿ. ಖರ್ಚಿನ ಲೆಕ್ಕ ಮಾಳಿಗೆಯಿಂದ ಶುರು

ಏಪ್ರಿಲ್ ಬಂತೆಂದರೆ ರಾಮದುರ್ಗ, ಸವದತ್ತಿ ಕಡೆ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಸ್ಪ್ಲಿಟ್ ಎ.ಸಿ. ನೋಡಲು ಬೈಲಹೊಂಗಲದ ಅಂಗಡಿಗೆ ಹೋದವರು ಮೊದಲು ಕೇಳುವುದು, ‘ಎಷ್ಟಾಗತೈತ್ರಿ?’ ಅಂಗಡಿಯವರು ಹೇಳುವುದು ಡಬ್ಬಿಯ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದರಿಂದ ಅದು ತುಸು ಹಗುರವಾಗಿದೆ. ಆದರೆ ಯಂತ್ರವನ್ನು ಗೋಡೆಗೆ ಕೂರಿಸಿ ತಂಪು ಗಾಳಿ ಬರುವ ಹೊತ್ತಿಗೆ ಒಟ್ಟು ಎಷ್ಟು ಬಿದ್ದೀತು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಮನೆಯೇ.

ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಹೊರುವುದು ಎರಡು ತಾಮ್ರದ ಪೈಪುಗಳಲ್ಲಿ ಸುತ್ತುವ ಅನಿಲ. ಎ.ಸಿ.ಯ ಸಾಮರ್ಥ್ಯವನ್ನು ಟನ್ನಿನಲ್ಲಿ ಅಳೆಯುವುದು ಮಂಜುಗಡ್ಡೆಯ ಕಾಲದ ಪಳೆಯುಳಿಕೆ. ಸುಮಾರು 907 ಕೆ.ಜಿ. ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಹೀರುವಷ್ಟು ಶಾಖವೇ ಒಂದು ಟನ್, ಅಂದರೆ ಸುಮಾರು 3.5 ಕಿಲೋವ್ಯಾಟ್. ಯಂತ್ರದ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಎಷ್ಟು ಟನ್ ಬೇಕು? ಕೋಣೆಯ ಉದ್ದಗಲ ಕೇಳಿ ಉತ್ತರಿಸುವುದು ವಾಡಿಕೆ. ನನ್ನನ್ನು ಕೇಳಿದರೆ ಮೊದಲು ಮಾಳಿಗೆ ನೋಡಬೇಕು. ಇಡೀ ಮಧ್ಯಾಹ್ನ ಬಿಸಿಲು ಕುಡಿದ ಆರ್‌ಸಿಸಿ ಸ್ಲ್ಯಾಬಿನ ಒಳಮೈ ಕಾಯುವುದು ಸಂಜೆಗೆ, ನಾವು ಮಲಗುವ ಹೊತ್ತಿಗೂ ಅದು ಶಾಖ ಇಳಿಸುತ್ತಲೇ ಇರುತ್ತದೆ. ಹಾಗಾಗಿ ಕೆಳಮನೆಗೆ ಒಂದು ಟನ್ ಸಾಕಾದರೆ, ಅಷ್ಟೇ ಅಳತೆಯ ಮೇಲಂತಸ್ತಿನ ಕೋಣೆ ಒಂದೂವರೆ ಟನ್ ಕೇಳೀತು. ಬೇಸಿಗೆಗೆ ಮುಂಚೆ ಸ್ಲ್ಯಾಬಿಗೆ ದಪ್ಪಗೆ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಪ್ರತಿಫಲಿಸಿ ಮರಳುತ್ತದೆ, ಎ.ಸಿ. ಕೊಳ್ಳುವ ಮುನ್ನ ಮಾಡಬಹುದಾದ ಅತಿ ಅಗ್ಗದ ಕೆಲಸ ಇದು. ತಗಡಿನ ಮನೆಗಂತೂ ಕೆಳಗೊಂದು ಫಾಲ್ಸ್ ಸೀಲಿಂಗ್ ಇಲ್ಲದೆ ಎ.ಸಿ. ಹಾಕಿಸುವುದು ತೂತು ಕೊಡಕ್ಕೆ ನೀರು ಸುರಿದಂತೆ.

ಹಳೆಯ ಮೇಲ್ಮುದ್ದೆ ಮನೆಯದು ಬೇರೆಯೇ ಕಥೆ. ಜಂತಿಗಳ ಮೇಲೆ ಹರವಿದ ಮಣ್ಣು, ಎರಡಡಿ ದಪ್ಪದ ಗೋಡೆ. ಶಾಖ ಒಳಗೆ ಬರುವುದೇ ನಿಧಾನ. ಆದರೆ ಬೆಳಕಿಂಡಿಯಿಂದ, ಜಂತಿ ಸಂದಿನಿಂದ ತಂಪು ಸೋರುತ್ತದೆ. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಹಲಗೆಯೋ ಕಬ್ಬಿಣದ ಫ್ರೇಮೋ ಕಟ್ಟಬೇಕು. ಕಲ್ಲಿನ ಗೋಡೆಯಾದರೆ ಪೈಪಿನ ತೂತು ಕೊರೆಯುವುದಕ್ಕೇ ಬೇರೆ ಮಷೀನು, ಬೇರೆ ಕೂಲಿ.

ಖರ್ಚು ಕಣ್ಣಿಗೆ ಬೀಳದೆ ಬೆಳೆಯುವುದು ಪೈಪಿನಲ್ಲಿ. ಸಾಮಾನ್ಯವಾಗಿ ಕಿಟ್‌ನಲ್ಲಿ ಬರುವುದು ಸುಮಾರು 3 ಮೀಟರ್. ನಡುಮನೆಯ ಕೋಣೆಯಿಂದ ಹಿತ್ತಿಲಿಗೋ ಮಾಳಿಗೆಗೋ ಒಯ್ಯಬೇಕಾದರೆ ಮೀಟರ್ ಲೆಕ್ಕದಲ್ಲಿ ತಾಮ್ರ, ಅದರ ಹೊದಿಕೆ, ವೈರು, ನೀರು ಹೋಗುವ ಪೈಪು ಎಲ್ಲವೂ ಬೆಳೆಯುತ್ತವೆ. ಅಳತೆ ಮೀರಿದರೆ ಗ್ಯಾಸನ್ನೂ ಸೇರಿಸಬೇಕು. ಮಾಳಿಗೆಯ ನೆತ್ತಿ ಬಿಸಿಲಿನಲ್ಲಿ ಔಟ್‌ಡೋರ್ ಯೂನಿಟ್ ಇಟ್ಟರೆ ಶಾಖ ಚೆಲ್ಲಲು ಅದಕ್ಕೆ ಹೆಚ್ಚು ತ್ರಾಸ, ಹಿತ್ತಿಲ ನೆರಳು ಮೇಲು.

ಜೋಡಿಸುವ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತು ನೋಡಿ. ಮೆಕ್ಯಾನಿಕ್ ಪೈಪಿನ ಬಾಯನ್ನು ತುತ್ತೂರಿಯಂತೆ ಅಗಲಿಸಿ ನಟ್ಟು ಬಿಗಿಯುತ್ತಾನೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ, ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆಯಬೇಕು; ಇದಕ್ಕೆ ಕಾಲು ತಾಸಾದರೂ ಹಿಡಿಯುತ್ತದೆ. ಅವಸರದವರು ಪಂಪ್ ತಾರದೆ, ಯಂತ್ರದ ಗ್ಯಾಸನ್ನೇ ಒಂದಿಷ್ಟು ಬಿಟ್ಟು ಗಾಳಿ ತಳ್ಳಿಬಿಡುತ್ತಾರೆ. ಒಳಗುಳಿದ ತೇವ ಕಂಪ್ರೆಸರಿಗೆ ವೈರಿ. ಈಗಿನ ಆರ್-32 ಅನಿಲಕ್ಕೆ ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣವೂ ಉಂಟು. ಜೋಡಣೆಯ ಮೇಲೆ ಸಾಬೂನಿನ ನೊರೆ ಹಚ್ಚಿದಾಗ ಗುಳ್ಳೆ ಏಳಬಾರದು. ಕೂಲಿಯಲ್ಲಿ ಚೌಕಾಸಿ ಮಾಡಬಾರದ ಜಾಗ ಇದೊಂದೇ.

ಇನ್ನು ಕರೆಂಟು. ಒಂದೂವರೆ ಟನ್ನಿನ ಯಂತ್ರ ಪೂರ್ತಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಹಳೆಯ ವೈರಿಂಗ್ ಇದನ್ನು ತಾಳದು. ಪ್ರತ್ಯೇಕ ಲೈನು, ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಬೇಕು. ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಕಡಿಮೆಯಿದ್ದರೆ ಅದನ್ನೂ ಏರಿಸಬೇಕು.

ಹವೆಯೂ ಲೆಕ್ಕಕ್ಕೆ ಬರುತ್ತದೆ. ರಾಮದುರ್ಗದ ಒಣ ಏಪ್ರಿಲ್‌ನಲ್ಲಿ ನೀರಿನ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಜೂನಿನ ಮೋಡ ಕವಿದರೆ ಕೈಕೊಡುತ್ತದೆ. ಮಗ್ಗವಿರುವ ಕೋಣೆಗೆ ಎ.ಸಿ. ಹಾಕಿಸುವ ಯೋಚನೆಯೇ ಬೇಡ: ಅದು ಗಾಳಿಯ ತೇವ ಹಿಂಡುತ್ತದೆ, ಒಣಗಿದ ಹತ್ತಿ ನೂಲು ಪಟಪಟ ಕಡಿಯುತ್ತದೆ. ಮಲೆನಾಡಿನ ಅಂಚಿನ ಕಿತ್ತೂರಿನಲ್ಲಿ ಚಳಿಗಾಲಕ್ಕೂ ಆದೀತೆಂದು ‘ಹಾಟ್ ಅಂಡ್ ಕೋಲ್ಡ್’ ಮಾದರಿ ಕೇಳುವವರಿಗೆ ಒಂದು ಮಾತು. ಅದರ ಕವಾಟ ಅನಿಲದ ದಿಕ್ಕು ತಿರುಗಿಸಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ, ಹೀಟರಿಗಿಂತ ಬಹಳ ಕಡಿಮೆ ವಿದ್ಯುತ್ತಿನಲ್ಲಿ. ವಿಜ್ಞಾನ ಸೊಗಸಾಗಿದೆ, ಆದರೆ ನಮ್ಮ ನಾಲ್ಕು ದಿನದ ಚಳಿಗೆ ಆ ಹೆಚ್ಚುವರಿ ದುಡ್ಡು ದಂಡ.

ಕೊನೆಯದು ಗೃಹಜ್ಯೋತಿ. 2023ರಲ್ಲಿ ಶುರುವಾದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಾಸಿಗೆ ಮುಕ್ಕಾಲು ಯೂನಿಟ್ ಎಂದಿಟ್ಟುಕೊಂಡರೂ ರಾತ್ರಿ ಎಂಟು ತಾಸಿನಂತೆ ತಿಂಗಳಿಗೆ 180 ಯೂನಿಟ್ ಎ.ಸಿ.ಗೇ ಹೋಗುತ್ತದೆ. ಫ್ಯಾನು, ಫ್ರಿಜ್ಜು, ಮಿಕ್ಸರ್, ಟಿ.ವಿ.ಗೆ ಉಳಿಯುವುದು ಇಪ್ಪತ್ತು.