ಇಂಗ್ಲಿಷ್ ಇಂಟರ್‌ವ್ಯೂ: ಗೈಡ್‌ನಲ್ಲಿ ಸಿಗದ ಉತ್ತರಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಹುಡುಗ–ಹುಡುಗಿಯರು ಲಿಖಿತ ಪರೀಕ್ಷೆಗೆ ಅಂಜುವುದಿಲ್ಲ. ‘ಇಂಟರ್‌ವ್ಯೂ ಇಂಗ್ಲಿಷ್‌ನಲ್ಲಿ’ ಎಂದರೆ ಮಾತ್ರ ಹಿಂದೆ ಸರಿಯುತ್ತಾರೆ. ಈ ಅಂಜಿಕೆಯಲ್ಲಿ ಭಾಷೆಯ ಪಾಲಿಗಿಂತ ತಪ್ಪು ತಿಳಿವಳಿಕೆಯ ಪಾಲೇ ದೊಡ್ಡದು.

ತಪ್ಪು ಕಲ್ಪನೆ: ನೂರು ಪ್ರಶ್ನೆಗಳ ಉತ್ತರ ಬಾಯಿಪಾಠ ಮಾಡಿದರೆ ಗೆದ್ದಂತೆ.

ಸತ್ಯ: ಬಾಯಿಪಾಠ ಕೈಕೊಡುವುದು ಎರಡನೆಯ ಪ್ರಶ್ನೆಯಲ್ಲಿ. ‘ಐ ಆ್ಯಮ್ ಹಾರ್ಡ್‌ವರ್ಕಿಂಗ್’ ಎಂದೊಡನೆ ‘ಒಂದು ಉದಾಹರಣೆ ಹೇಳಿ’ ಎನ್ನುತ್ತಾರೆ. ನಿಮ್ಮ ಉದಾಹರಣೆ ಯಾವ ಗೈಡ್‌ನಲ್ಲೂ ಇರುವುದಿಲ್ಲ. ಅದರ ಬದಲು ನಿಮ್ಮ ಬದುಕಿನ ಐದು ನಿಜ ಘಟನೆಗಳನ್ನು ಬರೆದುಕೊಳ್ಳಿ: ಕಷ್ಟದ ಕೆಲಸ ಮುಗಿಸಿದ್ದು, ನಾಲ್ವರ ಜೊತೆ ದುಡಿದದ್ದು, ತಪ್ಪು ತಿದ್ದಿಕೊಂಡದ್ದು, ಹೊಸದೊಂದು ಕಲಿತದ್ದು, ಸಿಟ್ಟಾದವರನ್ನು ಸಮಾಧಾನಪಡಿಸಿದ್ದು. ಸಮಸ್ಯೆ ಏನಿತ್ತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು ಎಂಬ ಮೂರು ಮಾತಿನಲ್ಲಿ ಪ್ರತಿಯೊಂದೂ ಮುಗಿಯಲಿ. ಹತ್ತಾರು ಪ್ರಶ್ನೆಗಳಿಗೆ ಇವೇ ಐದು ಸಾಲುತ್ತವೆ.

ತಪ್ಪು ಕಲ್ಪನೆ: ಹೊಲ, ಮಿಲ್ಲು, ಅಂಗಡಿಯ ಕೆಲಸ ಹೇಳಿಕೊಂಡರೆ ಮರ್ಯಾದೆ ಕಡಿಮೆ.

ಸತ್ಯ: ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂದವರಿಗೆ ಅಪ್ಪ–ಅಮ್ಮನ ಹೆಸರು ಬೇಕಿಲ್ಲ. ಏನು ಓದಿದಿರಿ, ಏನು ಮಾಡಬಲ್ಲಿರಿ, ಈ ಕೆಲಸವೇ ಏಕೆ ಎಂಬುದು ಬೇಕು. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಚೀಲಗಳ ಲೆಕ್ಕ ಬರೆದವರು, ಕುಷ್ಟಗಿಯ ದಾಳಿಂಬೆ ತೋಟದ ಖರ್ಚು–ಆದಾಯ ನೋಡಿಕೊಂಡವರು ಅಕೌಂಟ್ಸ್ ಕೆಲಸಕ್ಕೆ ಅನುಭವಸ್ಥರೇ. ‘ಐ ಕೆಪ್ಟ್ ದಿ ಸ್ಟಾಕ್ ಬುಕ್ ಇನ್ ಎ ರೈಸ್ ಮಿಲ್’ ಎಂಬ ಪುಟ್ಟ ವಾಕ್ಯ ಗೈಡ್‌ನ ಇಡೀ ಪುಟಕ್ಕಿಂತ ತೂಕದ್ದು. ಹೋಗುವ ಕಂಪನಿಯ ಬಗ್ಗೆಯೂ ತಿಳಿದಿರಲಿ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಬೀಡುಕಬ್ಬಿಣ ಮತ್ತು ಎರಕದ ಬಿಡಿಭಾಗ ತಯಾರಿಸುತ್ತದೆ, ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಇದೆ. ಇಷ್ಟೂ ಗೊತ್ತಿಲ್ಲದೆ ‘ನಮ್ಮಲ್ಲಿಗೇ ಏಕೆ ಬಂದಿರಿ’ ಎಂಬುದಕ್ಕೆ ಉತ್ತರ ಹೊಳೆಯುವುದಿಲ್ಲ.

ತಪ್ಪು ಕಲ್ಪನೆ: ಕಾನ್ವೆಂಟ್ ಶೈಲಿಯ ಇಂಗ್ಲಿಷ್ ಇಲ್ಲದಿದ್ದರೆ ಕೆಲಸವಿಲ್ಲ.

ಸತ್ಯ: ಕಾಲ್ ಸೆಂಟರ್‌ನಂಥ ಮಾತೇ ಬಂಡವಾಳವಾದ ಕೆಲಸ ಬಿಟ್ಟರೆ, ಹೇಳಿದ್ದು ಅರ್ಥವಾಗುವುದೇ ಮುಖ್ಯ. ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಮಾತಾಡಿ. ಪ್ರಶ್ನೆ ತಿಳಿಯದಿದ್ದರೆ ‘ಕುಡ್ ಯು ಪ್ಲೀಸ್ ರಿಪೀಟ್’ ಎಂದು ಕೇಳುವುದು ದೋಷವಲ್ಲ. ತಿಳಿಯದೆ ಏನೋ ಒಂದು ಹೇಳುವುದು ದೋಷ.

ತಪ್ಪು ಕಲ್ಪನೆ: ಎಲ್ಲ ನೌಕರಿಗೂ ಇಂಗ್ಲಿಷ್ ಸಂದರ್ಶನ ಇದ್ದೇ ಇರುತ್ತದೆ.

ಸತ್ಯ: ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೂ ಇಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಐಬಿಪಿಎಸ್ ನಡೆಸುವ ಪ್ರೊಬೇಷನರಿ ಆಫೀಸರ್ ಆಯ್ಕೆಯಲ್ಲಿ ಸಂದರ್ಶನವಿದೆ. ಆದರೆ ಲಿಖಿತ ಪರೀಕ್ಷೆಯ ತೂಕ 80, ಸಂದರ್ಶನದ್ದು 20.

ತಪ್ಪು ಕಲ್ಪನೆ: 371(ಜೆ) ಸರ್ಟಿಫಿಕೇಟ್ ಇದ್ದರೆ ಕಂಪನಿಗಳಲ್ಲೂ ಮೀಸಲಾತಿ ಸಿಗುತ್ತದೆ.

ಸತ್ಯ: ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಿದ 98ನೇ ತಿದ್ದುಪಡಿ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ಉದ್ಯೋಗ ಮೀಸಲಾತಿ ರಾಜ್ಯ ಸರ್ಕಾರ ಮತ್ತು ಅದರ ಅಧೀನ ಸಂಸ್ಥೆಗಳ ಹುದ್ದೆಗಳಿಗೆ ಸೀಮಿತ. ಖಾಸಗಿ ಕಂಪನಿಯ ಮೇಜಿನ ಮುಂದೆ ನಿಮ್ಮ ತಯಾರಿಯೇ ನಿಮ್ಮ ಆಸರೆ.

ತಪ್ಪು ಕಲ್ಪನೆ: ಓದು ನಿಂತ ವರ್ಷವನ್ನು ಮುಚ್ಚಿಡಬೇಕು.

ಸತ್ಯ: ಮಾರ್ಕ್ಸ್ ಕಾರ್ಡಿನ ಇಸವಿ ಎಲ್ಲವನ್ನೂ ಹೇಳುತ್ತದೆ. ಮನೆಯ ತೊಂದರೆಗೆ ವರ್ಷ ಹೋಗಿದ್ದರೆ ಒಂದೇ ವಾಕ್ಯದಲ್ಲಿ ಹೇಳಿ, ಆ ವರ್ಷ ಏನು ಕಲಿತಿರಿ ಎಂಬುದಕ್ಕೆ ಮಾತು ತಿರುಗಿಸಿ.

ನಿಮ್ಮ ಐದು ಘಟನೆಗಳನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಆಮೇಲೆ ಗೊತ್ತಿರುವಷ್ಟೇ ಇಂಗ್ಲಿಷ್‌ನಲ್ಲಿ ಗೆಳೆಯರೆದುರು ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ತಡವರಿಸಿದ ಕಡೆ ಸರಿಪಡಿಸಿಕೊಳ್ಳಿ. ಗೈಡ್ ಕೊಳ್ಳುವುದು ಆಮೇಲಿನ ಮಾತು.